ಗಿಟಾರ್ ಫ್ರೆಟ್: ನೆಟ್ಟಗಿನದಾ, ಡೊಂಕಿನದಾ, ಜರುಗಿಸುವಂಥದಾ?

ಮೊದಲು ಒಂದು ಸಣ್ಣ ಪರೀಕ್ಷೆ. ಫೋನಿನಲ್ಲಿ ತಂಬೂರಿ ಆಪ್ ಇದ್ದರೆ ಅದನ್ನು ಇ ಶ್ರುತಿಗೆ ಇಡಿ. ಹಾರ್ಮೋನಿಯಂನವರು ಬಿಳಿ ಮೂರು ಅನ್ನುತ್ತಾರಲ್ಲ, ಅದೇ. ಅದು ಸುಮ್ನೆ ಹರಿಯುತ್ತಿರಲಿ. ಫ್ರೆಟ್ ಅಂದರೆ ಗಿಟಾರಿನ ಕತ್ತಿನ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿ, ವೀಣೆಯ ಮೆಟ್ಟಿಲಿನ ಹಾಗೆ. ಈಗ ಗಿಟಾರಿನ ಅತಿ ತೆಳು ತಂತಿಯ ನಾಲ್ಕನೇ ಫ್ರೆಟ್ ಒತ್ತಿ ಮೀಟಿ. ಅದು ಜಿ ಶಾರ್ಪ್, ಅಂದರೆ ಇ-ಯನ್ನು ಷಡ್ಜ ಮಾಡಿಕೊಂಡರೆ ಅಂತರ ಗಾಂಧಾರ. ಶ್ರುತಿ ನೋಡುವ ಟ್ಯೂನರ್ ಯಂತ್ರ ಹಸಿರು ದೀಪ ತೋರಿಸುತ್ತದೆ. ಆದರೂ ಸ್ವರ ಒಂದು ಚೂರು ಮೇಲೇರಿದ ಹಾಗೆ, ತಂಬೂರಿಯ ಜೊತೆ ಕೂರದೆ ಅಲೆದಾಡಿದ ಹಾಗೆ ಕೇಳುತ್ತದೆ.

ಟ್ಯೂನರ್ ಸುಳ್ಳು ಹೇಳುತ್ತಿಲ್ಲ. ನಿಮ್ಮ ಕಿವಿಯೂ ಕೆಟ್ಟಿಲ್ಲ. ಚೆನ್ನಾಗಿ ಶ್ರುತಿಯಾದ ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರವೊಂದು ತಾನಾಗಿ ಮೊಳಗುತ್ತದೆ. ಸ್ವಯಂಭೂ ಗಾಂಧಾರ ಅಂತ ಹಿರಿಯರು ಕರೆದದ್ದು ಅದನ್ನೇ. ಅದು ಷಡ್ಜದಿಂದ 386 ಸೆಂಟ್ ದೂರದಲ್ಲಿದೆ. ಗಿಟಾರಿನ ಫ್ರೆಟ್ಟಿನ ಗಾಂಧಾರ ಇರುವುದು 400 ಸೆಂಟ್‌ನಲ್ಲಿ. ಒಂದು ಸ್ಥಾಯಿಗೆ 1200 ಸೆಂಟ್, ಪಕ್ಕಪಕ್ಕದ ಎರಡು ಫ್ರೆಟ್ ನಡುವೆ 100 ಸೆಂಟ್, ಇದು ಅಳತೆ. ಕರಾವಳಿಯವರಿಗೆ ಸೆಂಟ್ ಅಂದ ಕೂಡಲೇ ಜಾಗದ ಅಳತೆ ನೆನಪಾಗುತ್ತದೆ. ನೆನಪಾಗಲಿ. ಇಲ್ಲಿಯೂ ನಡೆಯುವುದು ಜಾಗದ ಜಗಳವೇ.

ಈ 14 ಸೆಂಟ್ ಒಮ್ಮೆ ಕಿವಿಗೆ ಬಿತ್ತೆಂದರೆ ಮತ್ತೆ ಮರೆಯಾಗುವುದಿಲ್ಲ. ಅಲ್ಲಿಂದ ಹುಡುಕಾಟ ಶುರುವಾಗುತ್ತದೆ. ಹಾವಿನಂತೆ ಡೊಂಕಾದ ಫ್ರೆಟ್‌ಗಳ ಗಿಟಾರ್ ಕಾಣುತ್ತದೆ, ‘ಎಲ್ಲ ಕಡೆಯೂ ಶ್ರುತಿ ಪಕ್ಕಾ’ ಅನ್ನುವ ನಟ್ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಕಾಣುತ್ತದೆ, ಜರುಗಿಸಬಹುದಾದ ಫ್ರೆಟ್ ಕಾಣುತ್ತದೆ. ಯಾವುದಕ್ಕೆ ದುಡ್ಡು ಹಾಕಬೇಕು? ಅದನ್ನು ನೋಡೋಣ.

ತಪ್ಪು ಎರಡು ಬಗೆ

ಗಿಟಾರ್ ಅಪಶ್ರುತಿ ಅನ್ನಿಸುವುದಕ್ಕೆ ಎರಡು ಬೇರೆ ಬೇರೆ ಕಾರಣಗಳಿವೆ. ಮಾರುವವರು ಎರಡನ್ನೂ ಕಲಸಿ ಹೇಳುತ್ತಾರೆ. ನಮ್ಮ ದುಡ್ಡು ಹಾಳಾಗುವುದು ಅಲ್ಲಿಯೇ.

ಮೊದಲನೆಯದು ವಾದ್ಯದ ತಪ್ಪು. ನಟ್ ಎತ್ತರ ಜಾಸ್ತಿ, ತಂತಿ ಹಳತು, ಸ್ಯಾಡಲ್ (ಇನ್ನೊಂದು ತುದಿಯಲ್ಲಿ ತಂತಿಯನ್ನು ಹೊತ್ತ ತುಂಡು) ಜಾಗದಲ್ಲಿಲ್ಲ, ಬೆರಳು ತೀರಾ ಭಾರ. ಇವೆಲ್ಲ ಸರಿಮಾಡಬಹುದಾದವು. ಎರಡನೆಯದು ಲೆಕ್ಕದ ತಪ್ಪು. ಅದನ್ನು ಯಾರೂ ತೆಗೆದುಹಾಕಲಾರರು. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ತಳ್ಳಬಹುದು, ಅಷ್ಟೆ.

ಲೆಕ್ಕ ಹೀಗಿದೆ. ಇ-ಯಿಂದ ಒಂದು ಶುದ್ಧ ಗಾಂಧಾರ ಹತ್ತಿ (ಶುದ್ಧ ಅಂದರೆ ಇಲ್ಲಿ 386 ಸೆಂಟಿನ ಅಂತರ ಗಾಂಧಾರ). ಅಲ್ಲಿಂದ ಇನ್ನೊಂದು, ಮತ್ತೊಂದು. ಮೂರು ಹತ್ತಿದರೆ ಮೇಲಿನ ಇ ಬರಬೇಕಲ್ವಾ? ಬರುವುದಿಲ್ಲ. 386 ಮೂರು ಸಲ ಕೂಡಿದರೆ 1159ರ ಹತ್ತಿರ ಆಗುತ್ತದೆ. ಸ್ಥಾಯಿಗೆ 41 ಸೆಂಟ್ ಸಾಲದು. ಪಂಚಮದ ಕಡೆಯಿಂದ ಹೋದರೆ ಇದರ ಉಲ್ಟಾ. ಹನ್ನೆರಡು ಶುದ್ಧ ಪಂಚಮ ಪೇರಿಸಿದರೆ ಏಳು ಸ್ಥಾಯಿ ದಾಟಿ 23 ಸೆಂಟ್ ಮಿಗುತ್ತದೆ. ಒಂದು ಕಡೆ ಸಾಲುವುದಿಲ್ಲ, ಇನ್ನೊಂದು ಕಡೆ ಮಿಗುತ್ತದೆ. ಹನ್ನೆರಡು ಸ್ವರದ ವಾದ್ಯದಲ್ಲಿ ಇದನ್ನು ಎಲ್ಲಾದರೂ ಬಚ್ಚಿಡಲೇಬೇಕು. ಎಲ್ಲಿ ಬಚ್ಚಿಡುತ್ತೇವೆ ಅನ್ನುವುದರ ಹೆಸರೇ ಟೆಂಪರಮೆಂಟ್.

ಅಣ್ಣತಮ್ಮಂದಿರು ಜಮೀನು ಪಾಲು ಮಾಡಿಕೊಳ್ಳುವ ಹಾಗೆ ಇದು. ಜಮೀನಿನಲ್ಲಿ ಒಂದಿಷ್ಟು ಕಲ್ಲುಗುಡ್ಡೆ ಇದೆ. 16, 17ನೇ ಶತಮಾನದ ಯುರೋಪಿನಲ್ಲಿ ಕೀಲಿಮಣೆ ವಾದ್ಯದವರು ಗುಡ್ಡೆಯನ್ನು ಒಬ್ಬನ ಪಾಲಿಗೆ ಹಾಕಿದರು. ಉಳಿದವರಿಗೆಲ್ಲ ಒಳ್ಳೆ ಗದ್ದೆ. ಮೀನ್‌ಟೋನ್ ಅನ್ನುವ ಆ ಪದ್ಧತಿಯಲ್ಲಿ ಹೆಚ್ಚು ಬಳಸುವ ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಗಾಂಧಾರ 386ರಲ್ಲಿಯೇ ಇರುತ್ತಿತ್ತು. ಆದರೆ ಒಂದು ಪಂಚಮ ಮಾತ್ರ ಊಳಿಡುತ್ತಿತ್ತು. ಅದಕ್ಕೆ ಅವರು ತೋಳ ಅಂತಲೇ ಹೆಸರಿಟ್ಟರು. ಈಗ ನಾವು ಬಳಸುವ ಈಕ್ವಲ್ ಟೆಂಪರಮೆಂಟ್ ಕಲ್ಲನ್ನು ಎಲ್ಲರಿಗೂ ಸಮವಾಗಿ ಹಂಚುತ್ತದೆ. ಇಲ್ಲಿ ಅದನ್ನು ಸಮಪಾಲು ಅಂತ ಕರೆಯುತ್ತೇನೆ. ಪ್ರತಿ ಪಂಚಮ 2 ಸೆಂಟ್ ಕಡಿಮೆ, ಅದು ಕಿವಿಗೆ ಗೊತ್ತೇ ಆಗದು. ಪ್ರತಿ ಮೇಜರ್ ಥರ್ಡ್ (ಷಡ್ಜದಿಂದ ಅಂತರ ಗಾಂಧಾರದ ದೂರ) 14 ಸೆಂಟ್ ಜಾಸ್ತಿ, ಪ್ರತಿ ಮೈನರ್ ಥರ್ಡ್ (ಸಾಧಾರಣ ಗಾಂಧಾರದ ದೂರ) 16 ಸೆಂಟ್ ಕಡಿಮೆ. ಇವು ಗೊತ್ತಾಗುತ್ತವೆ. ಎ ಮೇಜರ್ ಕಾರ್ಡ್ ಹಿಡಿದು ದಪ್ಪ ಎ ತಂತಿಯನ್ನೂ ಬಿ ತಂತಿಯ ಎರಡನೇ ಫ್ರೆಟ್ಟನ್ನೂ ಒಟ್ಟಿಗೆ ಮೀಟಿ ಕೇಳಿ. ಸೆಕೆಂಡಿಗೆ ನಾಲ್ಕಕ್ಕಿಂತ ಸ್ವಲ್ಪ ಹೆಚ್ಚು ಅಲೆ ಎದ್ದು ಬೀಳುತ್ತದೆ.

ಒಂದು ಕಾಲದಲ್ಲಿ ನಮ್ಮಲ್ಲೂ ಇದರ ಮೇಲೆ ಸಿಟ್ಟಿತ್ತು. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟು 1971ರಲ್ಲಿ ಬಾಗಿಲು ತೆರೆದದ್ದು ಹಲವರಿಗೆ ಗೊತ್ತು. ಗಮಕ ಬಾರದು ಅನ್ನುವುದರ ಜೊತೆಗೆ, ಅದರ ಸಮಪಾಲಿನ ಸ್ವರಗಳು ನಮ್ಮ ಸಂಗೀತಕ್ಕೆ ಹೊಂದವು ಅನ್ನುವುದೂ ಆಗಿನ ವಾದವಾಗಿತ್ತು.

ಒಂದೇ ಮೆಟ್ಟಿಲು, ಆರು ಕೆಲಸ

‘ಹಾಗಾದರೆ ಫ್ರೆಟ್ಟನ್ನೇ ಸ್ವಲ್ಪ ಸರಿಸಿದರೆ ಆಯ್ತಲ್ಲ’ ಅಂತ ಕೇಳಬಹುದು. ನಾನೂ ಕೇಳಿದ್ದೆ. ವೀಣೆಯಲ್ಲಿ ಅದು ನಡೆಯುತ್ತದೆ. ವೀಣೆಗೆ 24 ಮೆಟ್ಟಿಲು, ಮೇಣದ ಮೇಲೆ ಕೂರಿಸಿದವು. ಮೇಳ ಕಟ್ಟುವವರು ಕಿವಿಯಿಂದಲೇ ಪ್ರತಿ ಮೆಟ್ಟಿಲಿನ ಜಾಗ ನೋಡಿ ಕೂರಿಸುತ್ತಾರೆ. ನುಡಿಸುವ ನಾಲ್ಕು ತಂತಿಗಳು ಸ, ಪ, ಸ, ಪ. ಸ ತಂತಿಯಲ್ಲಿ ಅಂತರ ಗಾಂಧಾರ ಕೊಡುವ ಮೆಟ್ಟಿಲು ಪ ತಂತಿಯಲ್ಲಿ ಕಾಕಲಿ ನಿಷಾದ ಕೊಡುತ್ತದೆ. ಎರಡಕ್ಕೂ ಬೇಕಾದ ಜಾಗ ಒಂದೇ. ತಂತಿಗಳ ನಡುವೆ ಜಗಳವಿಲ್ಲ.

ಗಿಟಾರಿನಲ್ಲಿ ಆರು ತಂತಿಗೆ ಐದು ಬೇರೆ ಬೇರೆ ಸ್ವರ. ಮೊದಲ ಫ್ರೆಟ್ಟನ್ನೇ ನೋಡಿ. ಎರಡು ಇ ತಂತಿಗಳಲ್ಲಿ ಎಫ್, ಎ-ಯಲ್ಲಿ ಬಿ ಫ್ಲಾಟ್, ಡಿ-ಯಲ್ಲಿ ಇ ಫ್ಲಾಟ್, ಬಿ-ಯಲ್ಲಿ ಸಿ. ಜಿ ತಂತಿಯಲ್ಲಿ ಮಾತ್ರ ನಮಗೆ ಬೇಕಾದ್ದು ಜಿ ಶಾರ್ಪ್. ಮೀನ್‌ಟೋನ್ ಲೆಕ್ಕದಲ್ಲಿ ಉಳಿದ ಐದು ತಂತಿಗೆ ಆ ಫ್ರೆಟ್ 117 ಸೆಂಟ್ ದೂರದಲ್ಲಿರಬೇಕು, ಜಿ ತಂತಿಗೆ 76 ಸೆಂಟ್ ದೂರದಲ್ಲಿ. ಒಂದು ನೆಟ್ಟಗಿನ ಲೋಹದ ಪಟ್ಟಿ ಎರಡೂ ಕಡೆ ಇರಲು ಸಾಧ್ಯವಿಲ್ಲ.

ಮಿಲಿಮೀಟರ್‌ನಲ್ಲಿ ಹೇಳಿದರೆ ಇನ್ನೂ ಸ್ಪಷ್ಟ. 650 ಮಿ.ಮೀ. ತಂತಿಯಳತೆಯ ಕ್ಲಾಸಿಕಲ್ ಗಿಟಾರ್ ತೆಗೆದುಕೊಳ್ಳಿ. ಉಳಿದ ಉದ್ದವನ್ನು ಪ್ರತಿ ಸಲ 17.817ರಿಂದ ಭಾಗಿಸಿ ಮುಂದಿನ ಫ್ರೆಟ್ ಇಡುವುದು ಸಮಪಾಲಿನ ಸೂತ್ರ. ಅದರಂತೆ ಮೊದಲ ಫ್ರೆಟ್ ನಟ್‌ನಿಂದ 36.5 ಮಿ.ಮೀ. ಇ ಮೇಜರ್ ಕಾರ್ಡಿನ ಜಿ ಶಾರ್ಪ್ ಶುದ್ಧವಾಗಬೇಕಾದರೆ ಜಿ ತಂತಿಯ ಕೆಳಗೆ ಆ ಫ್ರೆಟ್ ಸುಮಾರು 5 ಮಿ.ಮೀ. ನಟ್ ಕಡೆಗೆ ಹೋಗಬೇಕು. ಅದೇ ಸ್ವರ ಎಫ್ ಮೈನರ್ ಕಾರ್ಡಿನಲ್ಲಿ ಎ ಫ್ಲಾಟ್ ಆಗಿ ಬರುತ್ತದೆ. ಆಗ ಅದು 5 ಮಿ.ಮೀ.ಗಿಂತ ಸ್ವಲ್ಪ ಜಾಸ್ತಿಯೇ ಎದುರು ದಿಕ್ಕಿಗೆ, ನಟ್‌ನಿಂದ ದೂರಕ್ಕೆ ಹೋಗಬೇಕು. ಒಂದೇ ಫ್ರೆಟ್ಟಿಗೆ ಒಂದು ಸೆಂಟಿಮೀಟರ್ ಅಂತರದಲ್ಲಿ ಎರಡು ಮನೆ! ಇದು ನಮ್ಮ ಗಿಟಾರಿನ ದೋಷವಲ್ಲ. ಯಾವ ಗಿಟಾರ್ ತಂದರೂ ಇದು ಇದ್ದೇ ಇರುತ್ತದೆ.

ಈ ತಲೆನೋವು ಹಳೆಯದು. 1550ರಲ್ಲಿ ವಿಜಯನಗರದಲ್ಲಿ, ಅಳಿಯ ರಾಮರಾಯನ ಆಶ್ರಯದಲ್ಲಿ, ರಾಮಾಮಾತ್ಯ ಸ್ವರಮೇಳಕಲಾನಿಧಿ ಬರೆದ. ವೀಣೆಯ ಮೆಟ್ಟಿಲು ಎಲ್ಲೆಲ್ಲಿ ಕೂರಬೇಕು ಅನ್ನುವ ಚರ್ಚೆ ಅದರಲ್ಲಿದೆ. ತೀರಾ ಹತ್ತಿರದ ಎರಡು ಸ್ವರಗಳಿಗೆ ಎರಡು ಮೆಟ್ಟಿಲು ಹಾಕಿದರೆ ನುಡಿಸಲು ಇಕ್ಕಟ್ಟು, ಒಂದು ಇನ್ನೊಂದರ ಪ್ರತಿನಿಧಿ ಆಗಲಿ ಅನ್ನುವುದು ಅವನ ದಾರಿ. ಅತ್ತ ಇಟಲಿಯಲ್ಲಿ 1581ರಲ್ಲಿ ವಿಂಚೆಂಜೊ ಗೆಲಿಲಿ, ವಿಜ್ಞಾನಿ ಗೆಲಿಲಿಯೊನ ಅಪ್ಪ, ಲ್ಯೂಟ್ ಅನ್ನುವ ಫ್ರೆಟ್ ಇರುವ ತಂತಿವಾದ್ಯಕ್ಕೆ ಉಳಿದ ಉದ್ದದ ಹದಿನೆಂಟನೇ ಒಂದು ಭಾಗಕ್ಕೆ ಒಂದು ಫ್ರೆಟ್ ಅನ್ನುವ ಸೂತ್ರ ಕೊಟ್ಟ. ಅದು ಸುಮಾರು 99 ಸೆಂಟ್, ಹತ್ತಿರ ಹತ್ತಿರ ಸಮಪಾಲೇ. ಕೀಲಿಮಣೆಯವರು ಇನ್ನೂ ತೋಳ ಸಾಕುತ್ತಿದ್ದಾಗ ಫ್ರೆಟ್ ವಾದ್ಯದವರು ಸಮಪಾಲಿನ ಕಡೆ ವಾಲಿದ್ದು ಈ ‘ಒಂದೇ ಪಟ್ಟಿ, ಆರು ತಂತಿ’ಯ ಕಷ್ಟದಿಂದ. ಒಪ್ಪದ ಲ್ಯೂಟ್ ವಾದಕರೂ ಇದ್ದರು. ಅವರ ಫ್ರೆಟ್‌ಗಳು ಕರುಳಿನ ದಾರದಿಂದ ಕಟ್ಟಿದವು, ಓರೆ ಮಾಡಬಹುದಿತ್ತು, ಜರುಗಿಸಬಹುದಿತ್ತು. ಬೇಕಾದಲ್ಲಿ ಒಂದು ತಂತಿಗಷ್ಟೇ ಪುಟಾಣಿ ಫ್ರೆಟ್ ಅಂಟಿಸುವವರೂ ಇದ್ದರು. ಗೆಲಿಲಿಗೆ ಆ ಪುಟಾಣಿ ಫ್ರೆಟ್ ಕಂಡರೆ ಆಗುತ್ತಿರಲಿಲ್ಲ.

ಇನ್ನು ಆಯ್ಕೆಗಳಿಗೆ ಬರೋಣ.

ನೆಟ್ಟಗಿನ ಫ್ರೆಟ್, ಒಳ್ಳೆ ಸೆಟಪ್

ಹತ್ತರಲ್ಲಿ ಒಂಬತ್ತು ಜನಕ್ಕೆ ನನ್ನ ಉತ್ತರ ಇದೇ. ನಿಮ್ಮ ಗಿಟಾರಿನ ಸಾಮಾನ್ಯ ಫ್ರೆಟ್ ಹಾಗೇ ಇರಲಿ. ವಾದ್ಯದ ತಪ್ಪನ್ನು ಮೊದಲು ತೆಗೆಯಿರಿ.

ಹೊಸ ತಂತಿ ಹಾಕಿ. ಕೊಳೆ ಹಿಡಿದು ಅಲ್ಲಲ್ಲಿ ಸವೆದ ತಂತಿ ಉದ್ದಕ್ಕೂ ಒಂದೇ ತೂಕ ಇರುವುದಿಲ್ಲ. ಅದರ ಮೇಲೆ ಮಾಡುವ ಯಾವ ಅಳತೆಯೂ ಸುಳ್ಳು. ಆಮೇಲೆ ನಟ್ ನೋಡಿ. ಎರಡು ಮತ್ತು ಮೂರನೇ ಫ್ರೆಟ್ ನಡುವೆ ತಂತಿಯನ್ನು ಒತ್ತಿ ಹಿಡಿದು ಮೊದಲ ಫ್ರೆಟ್ಟಿನ ಮೇಲೆ ಎಷ್ಟು ಸಂದು ಇದೆ ನೋಡಿ. ಕಾಗದದ ದಪ್ಪದಷ್ಟು ಇದ್ದರೆ ಸಾಕು. ಅದಕ್ಕಿಂತ ತುಂಬಾ ಜಾಸ್ತಿ ಇದ್ದರೆ ಮೊದಲ ಮೂರು ಫ್ರೆಟ್‌ಗಳಲ್ಲಿ ಒತ್ತಿದ ಸ್ವರವೆಲ್ಲ ಏರುತ್ತದೆ. ಕಡಿಮೆ ಬೆಲೆಯ ಹೊಸ ಗಿಟಾರ್‌ಗಳಲ್ಲಿ ಇದು ಬಹಳ ಸಾಮಾನ್ಯ. ಎರಡು ವರ್ಷ ನಾನು ಸಿ ಕಾರ್ಡನ್ನೂ ಜಿ ತಂತಿಯನ್ನೂ ಬೈದುಕೊಂಡಿದ್ದೆ. ರಿಪೇರಿಯವರು ನಟ್‌ನಲ್ಲಿ ತಂತಿ ಕೂರುವ ಸೀಳುಗಳನ್ನು ಸಣ್ಣ ಅರದಿಂದ ಸ್ವಲ್ಪ ಆಳ ಮಾಡಿಕೊಟ್ಟರು, ಕಾಲು ಗಂಟೆಯ ಕೆಲಸ. ಟೆಂಪರಮೆಂಟ್ ಅಂತ ನಾನು ತಿಳಿದಿದ್ದ ಕಾಯಿಲೆಯ ಅರ್ಧ ಅಲ್ಲಿಗೇ ಹೋಯಿತು.

ಮೂರನೆಯದು ಸ್ಯಾಡಲ್. ಹನ್ನೆರಡನೇ ಫ್ರೆಟ್ಟಿನಲ್ಲಿ ಒತ್ತದೆ ಬೆರಳು ತಾಗಿಸಿ ಹಾರ್ಮೋನಿಕ್ (ಹಾಗೆ ಬರುವ ತೆಳು ನಾದ) ಮೀಟಿ, ಆಮೇಲೆ ಅಲ್ಲೇ ಒತ್ತಿ ಮೀಟಿ. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ ಹೋಗಬೇಕು, ಇಳಿದಿದ್ದರೆ ಮುಂದಕ್ಕೆ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಇದು ಸ್ಕ್ರೂ ಡ್ರೈವರ್ ಕೆಲಸ. 1954ರಲ್ಲಿ ಬಂದ ಸ್ಟ್ರಾಟೊಕ್ಯಾಸ್ಟರ್‌ನಲ್ಲಿ ಆರು ತಂತಿಗೂ ಒಂದೊಂದು ಸ್ಯಾಡಲ್ ಇದ್ದದ್ದು ಇದಕ್ಕೇ. ಅಕೂಸ್ಟಿಕ್‌ನಲ್ಲಿ ಸ್ಯಾಡಲ್ ಒಂದೇ ತುಂಡು. ಅದರಲ್ಲಿ ಬಿ ತಂತಿಯ ಜಾಗ ಮಾತ್ರ ಹಿಂದಕ್ಕೆ ಕೊರೆದಿರುವುದನ್ನು ನೀವು ನೋಡಿರಬಹುದು. ನೈಲಾನ್ ತಂತಿಯ ಗಿಟಾರಿನಲ್ಲಿ ತುಂಟ ತಂತಿ ಜಿ. ದಪ್ಪ ಇದೆ, ಬಿಗಿ ಕಡಿಮೆ. ಅದೊಂದನ್ನು ಮಾತ್ರ ಕಾರ್ಬನ್ ತಂತಿಗೆ ಬದಲಿಸಿ ನೋಡಿ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಫಲ ಕೊಡುವ ಉಪಾಯ ನನಗೆ ಬೇರೆ ಗೊತ್ತಿಲ್ಲ.

ಇಷ್ಟೆಲ್ಲ ಆದ ಮೇಲೂ 14 ಸೆಂಟ್ ಉಳಿಯುತ್ತದೆ. ಆದರೆ ಅದು ಎಲ್ಲ ಕಾರ್ಡಿನಲ್ಲೂ ಒಂದೇ ಸಮ ಉಳಿಯುತ್ತದೆ, ಕೀಬೋರ್ಡ್ ಜೊತೆ ಸೇರುತ್ತದೆ, ಕೇಪೊ (ಎಲ್ಲ ತಂತಿಗಳನ್ನೂ ಒಂದು ಫ್ರೆಟ್ಟಿನಲ್ಲಿ ಒತ್ತಿ ಹಿಡಿಯುವ ಕ್ಲಿಪ್) ಹಾಕಿದರೂ ಕೆಡುವುದಿಲ್ಲ. ಬ್ಯಾಂಡಿನಲ್ಲಿ ನುಡಿಸುವವರಿಗೆ ಇದಕ್ಕಿಂತ ಜಾಸ್ತಿ ಬೇಕಿಲ್ಲ.

ಇಲ್ಲೇ ಫ್ರೆಟ್ ತಂತಿಯ ಎತ್ತರದ ಮಾತೂ ಬರಬೇಕು, ಯಾಕೆಂದರೆ ಅದನ್ನು ಯಾರೂ ಶ್ರುತಿಗೆ ಸೇರಿಸಿ ನೋಡುವುದಿಲ್ಲ. ಹಳೆ ಫೆಂಡರ್ ಮಾದರಿಯ ಫ್ರೆಟ್ ಸುಮಾರು 1.1 ಮಿ.ಮೀ. ಎತ್ತರ. ಜಂಬೋ ಅನ್ನುವುದು ಸುಮಾರು 1.4. ಎತ್ತರದ ಫ್ರೆಟ್ಟಿನಲ್ಲಿ ಬೆರಳಿಗೂ ಮರಕ್ಕೂ ನಡುವೆ ಜಾಗ ಇರುವುದರಿಂದ ಜೋರಾಗಿ ಒತ್ತಿದರೆ ತಂತಿ ಕೆಳಗೆ ಬಗ್ಗಿ ಸ್ವರ ಏರುತ್ತದೆ. ಎಡಗೈ ಭಾರ ಇರುವವರು ಜಂಬೋ ಫ್ರೆಟ್ ಹಾಕಿಸಿಕೊಂಡು, ಆಮೇಲೆ ಶ್ರುತಿ ಸರಿಯಿಲ್ಲ ಅಂತ ಡೊಂಕು ಫ್ರೆಟ್ ಹುಡುಕುವುದು ಎಂಥ ತಮಾಷೆ! ಲೋಹದ ವಿಷಯ ಬೇರೆ. ನಿಕ್ಕಲ್ ಸಿಲ್ವರ್ ಅನ್ನುವುದರಲ್ಲಿ ಬೆಳ್ಳಿ ಇಲ್ಲವೇ ಇಲ್ಲ. ತಾಮ್ರ, ಸತು, ನಿಕ್ಕಲ್, ಅಷ್ಟೆ. ಸ್ಟೇನ್‌ಲೆಸ್ ಸ್ಟೀಲ್ ಬಹಳ ನಿಧಾನ ಸವೆಯುತ್ತದೆ. ಇದು ಶ್ರುತಿಗೆ ಸಹಾಯವೇ, ಯಾಕೆಂದರೆ ಸವೆದು ಚಪ್ಪಟೆಯಾದ ಫ್ರೆಟ್ಟಿನಲ್ಲಿ ತಂತಿ ಬಿಡುವ ಜಾಗ ಪಟ್ಟಿಯ ನಡುವಿನಿಂದ ಅಂಚಿಗೆ ಸರಿದಿರುತ್ತದೆ.

ತಿದ್ದಿದ ನಟ್

ಬಜ್ ಫೈಟನ್, ಇಯರ್ವಾನಾ ಇಂಥ ಹೆಸರುಗಳು ಕಾಣುವುದು ಇಲ್ಲಿ. ಮ್ಯೂಸಿಕ್ ಮ್ಯಾನ್ ಗಿಟಾರ್‌ಗಳಲ್ಲೂ ಇಂಥ ನಟ್ ಬರುತ್ತದೆ. ನಟ್ಟನ್ನು ಮೊದಲ ಫ್ರೆಟ್ ಕಡೆಗೆ ಕೂದಲೆಳೆಯಷ್ಟು ತಂದು, ಕೆಲವದರಲ್ಲಿ ತಂತಿಗೊಂದು ಅಳತೆ ಮಾಡಿ, ಮೊದಲ ಫ್ರೆಟ್‌ಗಳಲ್ಲಿ ಸ್ವರ ಏರುವುದನ್ನು ಹಿಡಿದು ನಿಲ್ಲಿಸುತ್ತಾರೆ. ಉಪಾಯ ನಿಜ, ಕೆಲಸ ಮಾಡುತ್ತದೆ. ಆದರೆ ಇದು ತಿದ್ದುವುದು ಮುಖ್ಯವಾಗಿ ವಾದ್ಯದ ತಪ್ಪನ್ನು. ಗಾಂಧಾರದ 14 ಸೆಂಟ್ ಇದರಿಂದ ಹೋಗುವುದಿಲ್ಲ. ನಟ್ ಎತ್ತರ ಸರಿ ಮಾಡಿಸದೆ ಇದನ್ನು ಕೊಳ್ಳುವುದು ವ್ಯರ್ಥ. ಸರಿ ಮಾಡಿಸಿದ ಮೇಲೆ ಎಷ್ಟೋ ಸಲ ಇದು ಬೇಕೇ ಆಗುವುದಿಲ್ಲ.

ಖರ್ಚಿಲ್ಲದ ದಾರಿ: ಬಿರಡೆ

ಫ್ರೆಟ್ ಮುಟ್ಟದೆ ತಂತಿಗಳನ್ನೇ ಸ್ವಲ್ಪ ಸ್ವಲ್ಪ ಇಳಿಸಿ ಶ್ರುತಿ ಮಾಡುವವರಿದ್ದಾರೆ. ಅಮೆರಿಕದ ಗಾಯಕ ಜೇಮ್ಸ್ ಟೇಲರ್ ತನ್ನ ಲೆಕ್ಕವನ್ನು ಬಹಿರಂಗವಾಗಿಯೇ ಹೇಳಿಕೊಟ್ಟಿದ್ದಾರೆ. ದಪ್ಪ ತಂತಿಯಿಂದ ಶುರುಮಾಡಿ ಇ 12 ಸೆಂಟ್ ಕೆಳಗೆ, ಎ 10, ಡಿ 8, ಜಿ 4, ಬಿ 6, ತೆಳು ಇ 3. ಅವರು ಕೇಪೊ ಹಾಕಿ ನುಡಿಸುವುದು ಜಾಸ್ತಿ. ಕೇಪೊ ತಂತಿಯನ್ನು ಎಳೆದು ಸ್ವರ ಏರಿಸುತ್ತದೆ. ಆ ಏರಿಕೆಗೆ ಮುಂಚೆಯೇ ಜಾಗ ಬಿಟ್ಟುಕೊಳ್ಳುವ ಲೆಕ್ಕ ಇದು. ಪೀಟರ್ಸನ್ ಕಂಪನಿಯ ಸ್ಟ್ರೋಬ್ ಟ್ಯೂನರ್‌ಗಳಲ್ಲಿ ಇಂಥ ಸಿದ್ಧ ಪಟ್ಟಿಗಳೇ ಇವೆ.

ಇ ಮೇಜರ್, ಎ ಮೇಜರ್‌ನಲ್ಲೇ ಹಾಡುವವರು ಜಿ ತಂತಿಯನ್ನು 4–5 ಸೆಂಟ್ ಇಳಿಸಿ ನೋಡಿ. ಇ ಕಾರ್ಡ್ ಹಿತವಾಗುತ್ತದೆ. ಆಸೆ ಜಾಸ್ತಿಯಾಗಿ ಪೂರ್ತಿ 14 ಇಳಿಸಬೇಡಿ. ಆಮೇಲೆ ಜಿ ಕಾರ್ಡ್ ಹಿಡಿದರೆ ದಪ್ಪ ತಂತಿಯ ಮೂರನೇ ಫ್ರೆಟ್ಟಿನ ಜಿ ಒಂದು ಕಡೆ, ಬಿಟ್ಟ ಜಿ ತಂತಿ ಇನ್ನೊಂದು ಕಡೆ. ಸ್ಥಾಯಿಯೇ ಒಡೆದರೆ ಯಾವ ಗಾಂಧಾರ ತಗೊಂಡು ಏನು ಮಾಡುವುದು?

ಇನ್ನೊಂದು ಮಾತು. ಐದನೇ ಮತ್ತು ಏಳನೇ ಫ್ರೆಟ್ಟಿನ ಹಾರ್ಮೋನಿಕ್ ಹೊಂದಿಸಿ ಶ್ರುತಿ ಮಾಡುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿದೆ. ಆ ಹಾರ್ಮೋನಿಕ್‌ಗಳು ಶುದ್ಧ ಅಂತರದವು, ಫ್ರೆಟ್‌ಗಳು ಸಮಪಾಲಿನವು. ದಪ್ಪ ಇ-ಯಿಂದ ಜಿ ತಲುಪುವಷ್ಟರಲ್ಲಿ ಮೂರು ಸಲ ಎರಡೆರಡು ಸೆಂಟ್ ಕಳೆದು, ಜಿ ತಂತಿ 6 ಸೆಂಟ್ ಕೆಳಗಿರುತ್ತದೆ. ಶುದ್ಧವಾಗಿ ಮಾಡಿದ್ದಕ್ಕೇ ಅಪಶ್ರುತಿ!

ಡೊಂಕು ಫ್ರೆಟ್

ಸ್ವೀಡನ್ನಿನ ಆಂಡರ್ಸ್ ಥೀಡೆಲ್ ಅವರ ಟ್ರೂ ಟೆಂಪರಮೆಂಟ್ ಫ್ರೆಟ್‌ಗಳನ್ನು ಫೋಟೊದಲ್ಲಿ ನೋಡಿದವರು ಮರೆಯುವುದಿಲ್ಲ. ಪ್ರತಿ ಫ್ರೆಟ್ಟೂ ಹಳ್ಳಿಯ ಬದುವಿನ ಹಾಗೆ ವಕ್ರ. ರಾಕ್ ಗಿಟಾರ್ ವಾದಕ ಸ್ಟೀವ್ ವೈ ಇಂಥ ಗಿಟಾರ್ ನುಡಿಸಿದ್ದಾರೆ. ಸ್ಟ್ರಾಂಡ್‌ಬರ್ಗ್ ಕಂಪನಿಯೂ ಇದನ್ನು ಹಾಕಿ ಗಿಟಾರ್ ಮಾಡಿದೆ.

ಈ ವಕ್ರತೆಗೆ ಎರಡು ಕೆಲಸ. ಪ್ರತಿ ತಂತಿ ಒತ್ತಿದಾಗ ಎಷ್ಟು ಏರುತ್ತದೋ ಅಷ್ಟನ್ನು ಆಯಾ ಫ್ರೆಟ್ಟಿನಲ್ಲೇ ತಿದ್ದುವುದು ಒಂದು. ಸಮಪಾಲನ್ನು ಸ್ವಲ್ಪ ಸಡಿಲಿಸಿ, ಹೆಚ್ಚು ಬಳಸುವ ಕಾರ್ಡ್‌ಗಳಿಗೆ ಸಿಹಿ, ಅಪರೂಪದ ಕಾರ್ಡ್‌ಗಳಿಗೆ ಸ್ವಲ್ಪ ಒಗರು ಹಂಚುವುದು ಇನ್ನೊಂದು. ಮೊದಲನೆಯದರಲ್ಲಿ ಇದು ನಿಜಕ್ಕೂ ಅದ್ಭುತ, ಯಾವ ನಟ್ಟೂ ಇದಕ್ಕೆ ಸಮ ಬಾರದು. ಎರಡನೆಯದರಲ್ಲಿ ಸಿಗುವ ಲಾಭ ಕೆಲವೇ ಸೆಂಟ್. ‘ಶುದ್ಧ ಗಾಂಧಾರ ಸಿಗುತ್ತದೆ’ ಅಂತ ನಂಬಿ ಕೊಂಡರೆ ಬೇಸರವಾಗುತ್ತದೆ. 5 ಮಿ.ಮೀ. ಸರಿಯಬೇಕಾದ ಫ್ರೆಟ್ಟಿನ ಲೆಕ್ಕ ಮೇಲೆ ನೋಡಿದ್ದೀರಿ. ಅಷ್ಟು ಸರಿಸಿದರೆ ಬೇರೆ ಕಾರ್ಡ್ ಸಾಯುತ್ತದೆ, ಹಾಗಾಗಿ ಅವರೂ ಸರಿಸುವುದಿಲ್ಲ.

ತೊಡಕುಗಳೂ ಇವೆ. ಆ ವಕ್ರತೆ ಮಾಮೂಲಿ ಇ-ಎ-ಡಿ-ಜಿ-ಬಿ-ಇ ಶ್ರುತಿಗೆ ಲೆಕ್ಕ ಹಾಕಿದ್ದು. ಡಿ-ಎ-ಡಿ-ಜಿ-ಎ-ಡಿ ಥರ ಬೇರೆ ಶ್ರುತಿಗೆ ಇಳಿಸಿದರೆ ಲೆಕ್ಕವೇ ತಪ್ಪುತ್ತದೆ. ಕೇಪೊ ಹಾಕಿದರೆ ಸಿಹಿ ಹಂಚಿದ ಕಾರ್ಡ್‌ಗಳೆಲ್ಲ ಜಾಗ ಬದಲಿಸುತ್ತವೆ. ಸವೆದಾಗ ಊರಿನ ರಿಪೇರಿಯವರು ಮಾಮೂಲಿ ಫ್ರೆಟ್ ತಂತಿ ಬಡಿದು ಕೂರಿಸುವ ಹಾಗಿಲ್ಲ. ಸ್ಟುಡಿಯೋದಲ್ಲಿ ಕಾರ್ಡ್ ಮೇಲೆ ಕಾರ್ಡ್ ರೆಕಾರ್ಡ್ ಮಾಡುವವರಿಗೆ, ಡಿಸ್ಟಾರ್ಷನ್ ಹಾಕಿ ಥರ್ಡ್‌ಗಳನ್ನು ನುಡಿಸುವವರಿಗೆ ಇದು ಸಾರ್ಥಕ. ಮಿಕ್ಕವರು ಮೊದಲು ಬೇರೆಯವರದ್ದನ್ನು ಒಮ್ಮೆ ನುಡಿಸಿ ನೋಡಿ.

ಅಂದಹಾಗೆ, ಬೀಸಣಿಗೆಯ ಹಾಗೆ ಬಿಚ್ಚಿಕೊಂಡ ಫ್ಯಾನ್ ಫ್ರೆಟ್ ನೋಡಿ ಇದೂ ಅಂಥದ್ದೇ ಅಂದುಕೊಳ್ಳುವವರಿದ್ದಾರೆ. ಅಲ್ಲ. ಅಲ್ಲಿ ದಪ್ಪ ತಂತಿಗೆ ಉದ್ದ ಜಾಸ್ತಿ, ತೆಳು ತಂತಿಗೆ ಕಡಿಮೆ. ಲಾಭ ತಂತಿಯ ಬಿಗಿ ಮತ್ತು ನಾದದ್ದು. ಶ್ರುತಿ ಹಂಚಿಕೆ ಅದೇ ಸಮಪಾಲು.

ಜರುಗಿಸುವ ಫ್ರೆಟ್

ಸಿತಾರಿನವರು ರಾಗಕ್ಕೆ ತಕ್ಕ ಹಾಗೆ ದಾರ ಕಟ್ಟಿದ ಫ್ರೆಟ್ ಮೇಲೆ ಕೆಳಗೆ ಜರುಗಿಸುತ್ತಾರೆ. ಗಿಟಾರಿನಲ್ಲೂ ಈ ಕನಸು ಹಳೆಯದು. 19ನೇ ಶತಮಾನದಲ್ಲೇ ಲಂಡನ್ನಿನ ಪನಾರ್ಮೊ, ಪ್ಯಾರಿಸಿನ ಲಾಕೋಟ್ ಇಂಥ ಗಿಟಾರ್ ಮಾಡಿದ್ದರು. ಜರ್ಮನಿಯ ವಾಲ್ಟರ್ ವೋಗ್ಟ್ ಪ್ರತಿ ತಂತಿಗೂ ಪ್ರತ್ಯೇಕ ಪುಟ್ಟ ಫ್ರೆಟ್ ಜಾರುವ ಹಾಗೆ ಮಾಡಿದರು. ಟರ್ಕಿಯ ತೊಲ್ಗಹಾನ್ ಚೊವುಲು 2008ರಲ್ಲಿ ಇದೇ ದಾರಿಯಲ್ಲಿ ತಮ್ಮ ಗಿಟಾರ್ ರೂಪಿಸಿದರು. ಬೇಕಾದಲ್ಲಿ ಫ್ರೆಟ್ ಸೇರಿಸಬಹುದು, ತೆಗೆಯಬಹುದು.

ಶುದ್ಧ ಗಾಂಧಾರ ಪೂರ್ತಿಯಾಗಿ ಸಿಗುವುದು ಇಲ್ಲಿ ಮಾತ್ರ. ಬೆಲೆ ಏನೆಂದರೆ, ಒಂದು ಶ್ರುತಿಯಲ್ಲಿ ಕೂರಿಸಿದ ಮೇಲೆ ಅಲ್ಲೇ ಇರಬೇಕು. ಇ-ಯಲ್ಲಿ ಕೂರಿಸಿ ಮುಂದಿನ ಹಾಡು ಎಫ್‌ನಲ್ಲಿ ಅಂದರೆ, ಸಭಿಕರನ್ನು ಕಾಯಿಸಿ ಫ್ರೆಟ್ ಜರುಗಿಸುತ್ತಾ ಕೂರಬೇಕು. ಹೊರಳಿಸಿ ಸ್ವರ ಎಳೆದರೆ ತಂತಿ ಒಂದು ತುಂಡಿನಿಂದ ಪಕ್ಕದ ತುಂಡಿಗೆ ಹತ್ತುವಾಗ ತೊಡರುತ್ತದೆ. ಕ್ಲಾಸಿಕಲ್ ನುಡಿಸುವವರಿಗೆ, ಹಳೆ ಯುರೋಪಿನ ಸಂಗೀತ ಅಥವಾ ಟರ್ಕಿಯ ಮಕಾಮ್ (ಅಲ್ಲಿನ ರಾಗಪದ್ಧತಿ) ಕಲಿಯುವವರಿಗೆ ಇದು ಚಿನ್ನ.

ಫ್ರೆಟ್ ಜಾಸ್ತಿ ಮಾಡಿದರೆ?

ಆಸ್ಟ್ರೇಲಿಯಾದ ಕಿಂಗ್ ಗಿಜರ್ಡ್ ಬ್ಯಾಂಡ್ 2017ರಲ್ಲಿ ನಡುನಡುವೆ ಹೆಚ್ಚಿನ ಫ್ರೆಟ್ ಹಾಕಿದ ಗಿಟಾರಿನಲ್ಲಿ ಒಂದು ಆಲ್ಬಮ್ಮನ್ನೇ ಮಾಡಿದ ಮೇಲೆ ಇದು ಜನಪ್ರಿಯವಾಯಿತು. 100 ಸೆಂಟ್ ಬದಲು 50 ಸೆಂಟಿಗೊಂದು ಫ್ರೆಟ್. ಅರಬ್ ಛಾಯೆಯ ಸ್ವರಗಳಿಗೆ ಸೊಗಸು. ಆದರೆ ನಮ್ಮ ಸಮಸ್ಯೆಗೆ? 386 ಬೇಕಾದವರಿಗೆ 350 ಮತ್ತು 400 ಸಿಗುತ್ತವೆ. ಇದ್ದಲ್ಲೇ ಇದ್ದೇವೆ. ಸ್ಥಾಯಿಯನ್ನು 19 ಸಮಭಾಗ ಮಾಡಿದರೆ ಗಾಂಧಾರ 379, ಪಂಚಮ 695. 31 ಮಾಡಿದರೆ ಗಾಂಧಾರ 387, ಬಹುತೇಕ ಶುದ್ಧ, ಪಂಚಮ 697. ಚೆನ್ನಾಗಿದೆ, ಆದರೆ 31 ಫ್ರೆಟ್ ನಡುವೆ ಬೆರಳು ಎಲ್ಲಿ ಇಡುತ್ತೀರಿ? ರಾಮಾಮಾತ್ಯ ಹೇಳಿದ ಇಕ್ಕಟ್ಟು ಇದೇ.

ನಮ್ಮವರಿಗೆ ಇನ್ನೊಂದು ಆಸೆ ಹುಟ್ಟುತ್ತದೆ. ನಮ್ಮ ಶಾಸ್ತ್ರದಲ್ಲಿ ಒಂದು ಸ್ಥಾಯಿಗೆ 22 ಶ್ರುತಿ ಇದೆಯಲ್ಲ, 22 ಫ್ರೆಟ್ ಹಾಕಿಸಿಬಿಡೋಣ! ದಯವಿಟ್ಟು ಬೇಡ. ಶಾಸ್ತ್ರದ 22 ಶ್ರುತಿ 22 ಸಮಭಾಗವಲ್ಲ. ಅದೂ ಅಲ್ಲದೆ ತೋಡಿಯ ಗಾಂಧಾರ ಒಂದು ಜಾಗದಲ್ಲಿ ನಿಲ್ಲುವ ಸ್ವರವೇ ಅಲ್ಲ, ಅದು ಓಡಾಟ. ಓಡಾಟಕ್ಕೆ ಫ್ರೆಟ್ ಹಾಕುವುದು ಹೇಗೆ?

ಗಮಕ ಬೇಕಾದವರಿಗೆ

ಕರ್ನಾಟಕ ಸಂಗೀತ ನುಡಿಸುವವರ ದಾರಿ ಬೇರೆ. ಅವರಿಗೆ ಫ್ರೆಟ್ಟಿನ ಜಾಗಕ್ಕಿಂತ ಎತ್ತರ ಮುಖ್ಯ. ವೀಣೆಯಲ್ಲಿ ಮೆಟ್ಟಿಲ ಮೇಲೆ ತಂತಿ ಎಳೆದು ಗಮಕ ತರುವ ಹಾಗೆ ಗಿಟಾರಿನಲ್ಲೂ ಎಳೆಯಬೇಕು. ಹಾಗಾಗಿ ಮರವನ್ನೇ ಫ್ರೆಟ್ ನಡುವೆ ತೊಟ್ಟಿಯ ಹಾಗೆ ಕೊರೆಸುತ್ತಾರೆ. ಶಕ್ತಿ ತಂಡದ ದಿನಗಳಲ್ಲಿ ಜಾನ್ ಮೆಕ್‌ಲಾಫ್ಲಿನ್ ನುಡಿಸುತ್ತಿದ್ದ ಗಿಟಾರ್ ಹೀಗೆ ಕೊರೆಸಿದ್ದು. ಮೊದಲು ಎತ್ತರದ ಫ್ರೆಟ್ ಹಾಕಿಸಿ ಆರು ತಿಂಗಳು ಸಾಧನೆ ಮಾಡಿ. ಕೊರೆಸುವುದು ಆಮೇಲೆ, ಯಾಕೆಂದರೆ ಕೊರೆದ ಮರ ವಾಪಸ್ ಬರುವುದಿಲ್ಲ. ಒಂದು ಮಿತಿ ನೆನಪಿರಲಿ: ಎಳೆದರೆ ಸ್ವರ ಏರುತ್ತದೆಯೇ ಹೊರತು ಇಳಿಯುವುದಿಲ್ಲ. 400ರ ಫ್ರೆಟ್ಟಿನಿಂದ 386ಕ್ಕೆ ಬರಲು ಆಗದು. ಕೆಳಗಿನ ಫ್ರೆಟ್ಟಿನಿಂದ ಎಳೆದೇ ಬರಬೇಕು. ಹಾಗೆ ಎಳೆದು ಬಂದಾಗ ನಿಲ್ಲುವ ಜಾಗವನ್ನು ಕಿವಿ ಆರಿಸುತ್ತದೆ. ಟೆಂಪರಮೆಂಟ್ ಜಗಳ ಅಲ್ಲಿಗೆ ನಿಮ್ಮ ಪಾಲಿಗೆ ಮುಗಿಯಿತು. ಫ್ರೆಟ್ ಪೂರ್ತಿ ಬೇಡವೆಂದರೆ ವಿಶ್ವಮೋಹನ ಭಟ್ಟರ ಮೋಹನ ವೀಣೆಯಂತೆ ತಂತಿ ಎತ್ತರಿಸಿ ಕಂಬಿ ಜಾರಿಸುವ ದಾರಿಯಿದೆ. ಆದರೆ ಕಾರ್ಡ್‌ಗಳನ್ನು ಬಹುಪಾಲು ಬಿಟ್ಟುಕೊಡಬೇಕು.

ಕೊಳ್ಳುವ ಮುನ್ನ

ನೀವು ಹಾಡಿಗೆ ಕಾರ್ಡ್ ಹಿಡಿಯುವವರಾದರೆ ಸೆಟಪ್ ಮಾಡಿಸಿ, ಬಿರಡೆಯಲ್ಲಿ ನಾಲ್ಕು ಸೆಂಟ್ ಆಟ ಆಡಿ, ಅಲ್ಲಿಗೆ ನಿಲ್ಲಿಸಿ. ಒಬ್ಬರೇ ಕೂತು ಒಂದೆರಡು ಶ್ರುತಿಯಲ್ಲಿ ನಿಧಾನದ ಸಂಗೀತ ನುಡಿಸುವವರಾದರೆ ಜರುಗಿಸುವ ಫ್ರೆಟ್ ಬಗ್ಗೆ ಯೋಚಿಸಿ. ರೆಕಾರ್ಡಿಂಗೇ ಹೊಟ್ಟೆಪಾಡಾದರೆ ಡೊಂಕು ಫ್ರೆಟ್. ರಾಗದವರು ಎತ್ತರದ ಫ್ರೆಟ್.

ಮಳೆಗಾಲದಲ್ಲಿ ಮಾತ್ರ ಈ ತೀರ್ಮಾನ ಯಾವುದೂ ಬೇಡ. ಮಂಗಳೂರಿನ ಜುಲೈಯಲ್ಲಿ ಗಿಟಾರಿನ ಕತ್ತು ಬಗ್ಗಿ, ತಂತಿ ಎತ್ತರ ಬದಲಾಗಿ, ಒಳ್ಳೆ ಗಿಟಾರೂ ಅಪಶ್ರುತಿಯಾಗಿ ಕೇಳುತ್ತದೆ. ಬಿಸಿಲು ಬರಲಿ, ಹೊಸ ತಂತಿ ಹಾಕಿ, ಟ್ರಸ್ ರಾಡ್ (ಕತ್ತಿನೊಳಗಿನ ಸರಳು) ಸರಿಮಾಡಿಸಿ, ಮತ್ತೊಮ್ಮೆ ತಂಬೂರಿ ಹಚ್ಚಿ ನಾಲ್ಕನೇ ಫ್ರೆಟ್ ಮೀಟಿ ನೋಡಿ. ನೀವು ಮೀಟಿದ ಸ್ವರಕ್ಕೂ ತಂಬೂರಿಯ ಗಾಂಧಾರಕ್ಕೂ ನಡುವಿನ ಅಂತರ 14 ಸೆಂಟಿಗಿಂತ ಎಷ್ಟು ಜಾಸ್ತಿ ಇದೆಯೋ, ಅಷ್ಟನ್ನು ಮಾತ್ರ ರಿಪೇರಿಯವರ ಹತ್ತಿರ ಕೇಳಿ.